ಆಡಿಯೊ ಕೇಳುವ ಮೊದಲೇ ಮೆಮೊ: ಲೈನ್‌ಮನೆ ಸಂದರ್ಶನದಿಂದ ಅಧ್ಯಾಯದವರೆಗೆ

ಸಂಶೋಧನೆಯ ಸಂದರ್ಶನ ಮುಗಿಸಿ ಬಂದ ರಾತ್ರಿಯೇ, ಆಡಿಯೊ ಕೇಳುವ ಮೊದಲೇ, ಮೆಮೊ (ಆ ಸಂದರ್ಶನದ ಬಗ್ಗೆ ನಮ್ಮದೇ ಟಿಪ್ಪಣಿ) ಬರೆದು ಮಲಗಬೇಕು. ನನ್ನ ಪದ್ಧತಿಯ ತಿರುಳು ಇಷ್ಟೇ. ‘ಮೊದಲು ಫೀಲ್ಡ್‌ವರ್ಕ್ ಮುಗಿಸು, ಟ್ರಾನ್ಸ್‌ಕ್ರಿಪ್ಟ್ ಎಲ್ಲ ಆಗಲಿ, ಬರವಣಿಗೆ ಆಮೇಲೆ ನೋಡೋಣ’ ಎಂದೇ ಹಿರಿಯರು ಹೇಳುತ್ತಿದ್ದರು; ನಾನು ಹಾಗೆ ಮಾಡಲಿಲ್ಲ. ಕೊಡಗಿನ ಕಾಫಿ ತೋಟಗಳ ಲೈನ್‌ಮನೆ (ಕಾರ್ಮಿಕರಿಗೆಂದು ಒಂದೇ ಸಾಲಿನಲ್ಲಿ ಕಟ್ಟಿದ ಮನೆ) ಕಾರ್ಮಿಕರ ಸಾಲದ ಬಗ್ಗೆ ಸುಮಾರು ಒಂಬತ್ತು ಸಾವಿರ ಪದಗಳ ಎರಡು ಅಧ್ಯಾಯ ನನ್ನ ಪದ್ಧತಿಯಲ್ಲೇ ಸಿದ್ಧವಾದವು. ಮಾರ್ಗದರ್ಶಕರ ಕೆಂಪು ಗುರುತು ಪುಟಕ್ಕೆ ಒಂದೆರಡು ದಾಟಲಿಲ್ಲ. ಈಗ ಹೊಸಬರು ನನ್ನ ಮೆಮೊ ನಮೂನೆ ಕೇಳಿ ಪಡೆಯುತ್ತಾರೆ.

ಆಡಿಯೊ ಮೊದಲು ಕೇಳಿದರೆ ಕೈ ಬರೀ ಮಾತನ್ನು ನಕಲು ಮಾಡುತ್ತದೆ. ತೋಟದ ರೈಟರ್ (ಲೆಕ್ಕ ಬರೆಯುವವರು) ಬಾಗಿಲ ಬಳಿ ಬಂದು ನಿಂತದ್ದು, ಮುಂಗಡದ ಪ್ರಶ್ನೆಗೆ ಹೆಂಡತಿ ಉತ್ತರಿಸುವ ಮೊದಲು ಗಂಡನ ಮುಖ ನೋಡಿದ್ದು ಇವೆಲ್ಲ ರೆಕಾರ್ಡರ್‌ನಲ್ಲಿ ಇರುವುದಿಲ್ಲ. ಎರಡು ದಿನ ಬಿಟ್ಟರೆ ನೆನಪಲ್ಲೂ ಇರುವುದಿಲ್ಲ. ಒಂದು ಗಂಟೆಯ ಸಂದರ್ಶನಕ್ಕೆ ನಾನೂರರಿಂದ ಐನೂರು ಪದ ಸಾಕು: ಕಂಡದ್ದು, ನನಗೆ ಅನ್ನಿಸಿದ್ದು, ಮುಂದಿನ ಸಲ ಕೇಳಬೇಕಾದ್ದು. ಮೊದಲ ಎರಡನ್ನು ಒಂದೇ ಪ್ಯಾರಾದಲ್ಲಿ ಬೆರೆಸಬಾರದು. ಬೆರೆತರೆ ಆರು ತಿಂಗಳ ನಂತರ ನಮ್ಮ ಊಹೆಯೇ ಅವರ ಮಾತಿನಂತೆ ಅಧ್ಯಾಯದೊಳಗೆ ಕೂತುಬಿಡುತ್ತದೆ.

ಹೆಚ್ಚು ದುಡ್ಡು ಹೋದದ್ದು ಟ್ರಾನ್ಸ್‌ಕ್ರಿಪ್ಷನ್‌ಗೆ. ಒಂದು ಗಂಟೆಯ ಕನ್ನಡ ಆಡಿಯೊ ಟೈಪ್ ಮಾಡಲು ಐದಾರು ಗಂಟೆ ಬೇಕು. ಕೊಡವ ತಕ್ಕ್, ಅರೆಭಾಷೆ, ಯರವ ಮಾತು ಸೇರಿದರೆ ಎಂಟಾದರೂ ಆಶ್ಚರ್ಯವಿಲ್ಲ. ಹೊರಗೆ ಕೊಟ್ಟಾಗ ನಿಮಿಷಕ್ಕೆ ಹದಿನೈದೋ ಇಪ್ಪತ್ತೋ ರೂಪಾಯಿಯಂತೆ ಹದಿನೈದು ಸಾವಿರದ ಹತ್ತಿರ ಹೋಯಿತು. ಯರವ ಮಾತು ಬಂದಲ್ಲೆಲ್ಲ ‘ಸ್ಪಷ್ಟವಿಲ್ಲ’ ಎಂದು ಬರೆದಿದ್ದರು, ಅಷ್ಟನ್ನೂ ಮತ್ತೆ ಕೂತು ಮಾಡಬೇಕಾಯಿತು. ಈಗ ಕನ್ನಡದ್ದನ್ನು ಮಾತ್ರ ಹೊರಗೆ ಕೊಡುವುದು. ಮೊದಲ ಎಂಟು ಹತ್ತು ಸಂದರ್ಶನ ಪೂರ್ತಿ ಟೈಪ್; ಆಮೇಲಿನವುಗಳಲ್ಲಿ ಮೆಮೊ ಗುರುತಿಸಿದ ಭಾಗ ಅಕ್ಷರಶಃ, ಉಳಿದದ್ದು ನಿಮಿಷ ನಮೂದಿಸಿದ ಸಾರಾಂಶ. ತಗಡಿನ ಸೂರಿನ ಮೇಲೆ ಮಳೆ ಬಿದ್ದರೆ ದುಬಾರಿ ರೆಕಾರ್ಡರ್‌ಗೂ ಮಾತು ಕೇಳಿಸದು. ಏಳೆಂಟು ನೂರರ ಕಾಲರ್ ಮೈಕ್ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಫೋನಿನ ವಾಯ್ಸ್ ಟೈಪಿಂಗನ್ನೂ ಪ್ರಯೋಗಿಸಿದೆ. ಇಯರ್‌ಫೋನಿನಲ್ಲಿ ಕೇಳುತ್ತ, ಅದನ್ನೇ ಕನ್ನಡದಲ್ಲಿ ಮತ್ತೆ ನುಡಿದರೆ ಅರ್ಧ ಸಮಯ ಉಳಿಯುತ್ತದೆ, ಆದರೆ ಅವರ ತಡವರಿಕೆ, ಅರ್ಧಕ್ಕೆ ನಿಲ್ಲಿಸಿದ ಮಾತು ಎಲ್ಲವೂ ಮಾಯ. ಅದು ಸಾರಾಂಶಕ್ಕೆ ಸಾಕು, ಅಕ್ಷರಶಃ ಟ್ರಾನ್ಸ್‌ಕ್ರಿಪ್ಟ್‌ಗೆ ಬೇಡ.

ಕೋಡಿಂಗ್‌ಗೆ, ಅಂದರೆ ಸಂದರ್ಶನದ ಭಾಗಗಳಿಗೆ ವಿಷಯವಾರು ಹೆಸರು ಕೊಟ್ಟು ವಿಂಗಡಿಸಲು, ಲೈಸೆನ್ಸ್ ಇರುವ ಸಾಫ್ಟ್‌ವೇರ್ ಕೊಳ್ಳಲಿಲ್ಲ, ಸ್ಪ್ರೆಡ್‌ಶೀಟ್ ಸಾಕಾಯಿತು. ಕೋಡ್ ಮಾತ್ರ ಕ್ರಿಯೆಯ ರೂಪದಲ್ಲಿರಬೇಕು. ‘ಸಾಲ’ ಎಂದಷ್ಟೇ ಬರೆದರೆ ಅದರಡಿ ಎಲ್ಲವೂ ಬಂದು ಬೀಳುತ್ತದೆ. ‘ಮುಂಗಡ ತೀರಿಸಲು ಬೇರೆ ತೋಟಕ್ಕೆ ಹೋಗುವುದು’ ಎಂದು ಬರೆದರೆ ಅರ್ಧ ವಾದ ಅಲ್ಲೇ ಸಿಗುತ್ತದೆ. ನಲವತ್ತು ಕೋಡ್ ದಾಟಿದರೆ ನಿಲ್ಲಿಸಿ ಒಂದೇ ಬಗೆಯವನ್ನು ಒಟ್ಟುಗೂಡಿಸಬೇಕು.

ಹೆಸರು ಮರೆಮಾಚುವ ಕೆಲಸ ಕೊಡಗಿನಲ್ಲಿ ಕಷ್ಟದ್ದು. ತೋಟದ ಮಾಲೀಕರ ಸಂದರ್ಶನದಲ್ಲಿ ವ್ಯಕ್ತಿಯ ಹೆಸರು ಬದಲಿಸಿದರಷ್ಟೇ ಸಾಲದು. ಒಕ್ಕದ (ಕೊಡವ ಮನೆತನದ) ಹೆಸರು, ಊರು, ಬಾಣೆಯ (ಗದ್ದೆಗೆ ಸೇರಿದ ಕಾಡು ಜಮೀನಿನ) ವಿಸ್ತೀರ್ಣ, ಮಿಲಿಟರಿಯಲ್ಲಿರುವ ಮಗ ಇವುಗಳಲ್ಲಿ ಎರಡು ಸೇರಿದರೂ ಗೋಣಿಕೊಪ್ಪದಲ್ಲಿ ಯಾರು ಬೇಕಾದರೂ ಗುರುತು ಹಿಡಿಯುತ್ತಾರೆ. ಆದ್ದರಿಂದ ಒಂದು ಪ್ಯಾರಾದಲ್ಲಿ ಇಂಥ ಒಂದೇ ವಿವರ. ಬದಲಿ ಹೆಸರುಗಳ ಪಟ್ಟಿ ಬೇರೆ ಪೆನ್‌ಡ್ರೈವ್‌ನಲ್ಲಿ, ಪಾಸ್‌ವರ್ಡ್ ಹಾಕಿ. ಇದನ್ನು ಮೆಮೊ ಹಂತದಲ್ಲೇ ಮಾಡದಿದ್ದರೆ ಪ್ರಬಂಧ ಮುಗಿಯುವಾಗ ಎಲ್ಲಾದರೂ ಒಂದು ಹೆಸರು ಉಳಿದೇ ಉಳಿಯುತ್ತದೆ.

ಬರವಣಿಗೆ ಬೆಳಿಗ್ಗೆ ಮುಕ್ಕಾಲು ಗಂಟೆ, ಹೆಚ್ಚುಕಡಿಮೆ ಮುನ್ನೂರು ಪದ. ಭಾನುವಾರ ಇಡೀ ದಿನ ಕೂತು ಬರೆಯುವ ಕ್ರಮ ಯಾರಿಗೂ ಬಾಳಿಕೆ ಬಂದದ್ದು ಕಂಡಿಲ್ಲ: ಹಿಂದಿನ ವಾರ ಎಲ್ಲಿ ನಿಂತಿತ್ತು ಎಂದು ಹುಡುಕುವುದರಲ್ಲೇ ಮಧ್ಯಾಹ್ನವಾಗುತ್ತದೆ. ಬರೆಯುವುದು ನಿಲ್ಲಿಸಿ ಏಳುವ ಮುಂಚೆ ಮರುದಿನದ ಮೊದಲ ವಾಕ್ಯ ಏನು ಹೇಳಬೇಕೆಂದು ಒಂದು ಸಾಲು ಗೀಚಿಡಿ. ಉದ್ಧರಣೆ ನಾಲ್ಕೈದು ಸಾಲು ಮೀರಬಾರದು. ಅದಕ್ಕೆ ಮೊದಲು ನಮ್ಮ ವಾದ, ಆಮೇಲೆ ಅಷ್ಟೇ ಉದ್ದದ ವಿವರಣೆ ಇರಬೇಕು. ಉದ್ಧರಣೆಯ ಮೇಲೆ ಉದ್ಧರಣೆ ಪೇರಿಸಿದರೆ ಅದು ವಿಶ್ಲೇಷಣೆಯಲ್ಲ.

ವಿಷಯದ ಬಗ್ಗೆ ಹಿಂದೆ ಬಂದ ಅಧ್ಯಯನಗಳ ವಿಮರ್ಶೆಗೆ ಪಿಡಿಎಫ್ ಮುಚ್ಚಿಟ್ಟು ಸ್ವಂತ ಮಾತಲ್ಲಿ ಟಿಪ್ಪಣಿ ಬರೆಯಿರಿ. ಯುಜಿಸಿಯ 2018ರ ನಿಯಮದಂತೆ ಬೇರೆಯವರ ಬರಹದೊಂದಿಗಿನ ಹೋಲಿಕೆ ಶೇ 10 ದಾಟಿದರೆ ತೊಂದರೆ. ಕಾಪಿ ಮಾಡಿಟ್ಟ ಟಿಪ್ಪಣಿಯೇ ಅದಕ್ಕೆ ಮುಖ್ಯ ಕಾರಣ.

ನವೆಂಬರ್‌ನ ಅರೇಬಿಕಾ ಕೊಯ್ಲಿನಿಂದ ಮಾರ್ಚ್‌ನಲ್ಲಿ ರೋಬಸ್ಟಾ ಮುಗಿಯುವವರೆಗೆ ಕಾರ್ಮಿಕರಿಗೆ ಪುರುಸೊತ್ತಿಲ್ಲ, ಅದು ಬರೆಯುವ ಕಾಲ. ಕಾಡಂಚಿನ ತೋಟಗಳಿಂದ ಆನೆಯ ಕಾರಣಕ್ಕೆ ಸಂಜೆ ಐದಕ್ಕೇ ಹೊರಡಬೇಕು. ಆದ್ದರಿಂದ ಸಂದರ್ಶನಕ್ಕೆ ಸಂತೆ ದಿನ ಬೆಳಿಗ್ಗೆ, ಅವರು ಸಂತೆಗೆ ಹೊರಡುವ ಮೊದಲು. ಮಳೆಗಾಲದಲ್ಲಿ ಕರೆಂಟ್ ನಂಬುವಂತಿಲ್ಲ. ಬಲಗಡೆ ಅಗಲ ಅಂಚು ಬಿಟ್ಟು ಟ್ರಾನ್ಸ್‌ಕ್ರಿಪ್ಟ್ ಪ್ರಿಂಟ್ ಹಾಕಿಸಿ, ಕೋಡಿಂಗ್ ಕೈಯಲ್ಲೇ ಮಾಡಿ. ತೇವದ ಕಾಗದದಲ್ಲಿ ಜೆಲ್ ಪೆನ್ ಹರಡುತ್ತದೆ, ಬಾಲ್ ಪೆನ್ನೇ ಬೇಕು.