ಹೊಸ ಕಾರು ಬಂತು, ಹಿಂದಿನ ವೈಪರ್ ಬರಲಿಲ್ಲ: ಹೀಗಾದರೆ ಎಂತ ಮಾಡುವುದು?

ಕಟೀಲಿನಲ್ಲಿ ಪೂಜೆ ಮುಗಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಬಜ್ಪೆ ದಾಟುವಷ್ಟರಲ್ಲಿ ಮಳೆ ಶುರುವಾಯಿತು. ಜುಲೈ ಮಳೆ, ನಮ್ಮೂರಿನದ್ದು, ಹೇಳಬೇಕಾಗಿಲ್ಲ. ಹಿಂದಿನ ಗಾಜು ಪೂರ್ತಿ ಮಂಜು. ಸ್ಟೀರಿಂಗಿನ ಎಡಗಡೆಯ ವೈಪರ್ ಸ್ವಿಚ್ಚಿನ ಕಡ್ಡಿಯ ತುದಿ ಹಿಡಿದು ತಿರುಗಿಸಿದೆ. ಅದು ತಿರುಗುವ ತುದಿಯೇ ಅಲ್ಲ, ಸುಮ್ನೆ ಪ್ಲಾಸ್ಟಿಕ್. ಬಸ್‌ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿ, ಕೊಡೆ ಹಿಡಿದು ಇಳಿದು ಹಿಂದೆ ಹೋಗಿ ನೋಡಿದರೆ ಅಲ್ಲಿ ವೈಪರೇ ಇಲ್ಲ. ಗಾಜಿನ ಒಳಗೆ ಅಡ್ಡಡ್ಡ ಸಣ್ಣ ಗೆರೆಗಳು ಇರುತ್ತವಲ್ಲ, ಗಾಜು ಬಿಸಿ ಮಾಡಿ ಮಂಜು ತೆಗೆಯುವ ಡಿಫಾಗರ್‌ನದ್ದು, ಅದೂ ಇಲ್ಲ. ಬುಕ್ ಮಾಡುವಾಗ ಸೇಲ್ಸ್ ಹುಡುಗ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದ ಬ್ರೋಷರ್‌ನಲ್ಲಿ ಎರಡೂ ಇತ್ತು.

ಡೆಲಿವರಿ ದಿನ ನೋಡಲಿಲ್ಲವಾ ಅಂತ ಎಲ್ಲರೂ ಕೇಳಿದರು. ನೋಡಲಿಲ್ಲ. ಕಾರಿಗೆ ಕೆಂಪು ಬಟ್ಟೆ ಮುಚ್ಚಿ ನಿಲ್ಲಿಸಿದ್ದರು. ಬಟ್ಟೆ ಎಳೆದ ಮೇಲೆ ಹಾರ, ಕೇಕು, ರಟ್ಟಿನ ದೊಡ್ಡ ಕೀ, ಫೋಟೋ. ಫೋಟೋ ಎಲ್ಲ ಎದುರಿನಿಂದ. ಹಿಂದೆ ಹೋಗಿ ನಿಲ್ಲಲು ಯಾರಿಗೆ ನೆನಪಾಗುತ್ತದೆ! ಮೇಲೆ ಆಟಿ, ಅಂದರೆ ಶುಭಕಾರ್ಯಕ್ಕೆ ಆಗದ ತುಳು ತಿಂಗಳು, ಶುರುವಾಗುವ ಮೊದಲು ಗಾಡಿ ಮನೆಗೆ ಬರಬೇಕು ಅಂತ ಅತ್ತೆಯ ಅವಸರ ಬೇರೆ. ಶೋರೂಮಿನವರಿಗೂ ಅದೇ ಬೇಕಾಗಿತ್ತು. ಆಟಿಯ ಒಂದು ತಿಂಗಳು ಕರಾವಳಿಯಲ್ಲಿ ಗಾಡಿ ತೆಗೆಯುವವರು ಕಡಿಮೆ, ಹಾಗಾಗಿ ಅದರ ಹಿಂದಿನ ವಾರ ಡೆಲಿವರಿ ಮೇಲೆ ಡೆಲಿವರಿ. ಆ ಗಡಿಬಿಡಿಯಲ್ಲಿ ಯಾರೂ ಯಾವುದನ್ನೂ ಸರಿಯಾಗಿ ನೋಡುವುದಿಲ್ಲ. ಇದನ್ನು ಓದುವವರಲ್ಲಿ ಯಾರಾದರೂ ಜುಲೈ ಮೊದಲ ವಾರ ಗಾಡಿ ತೆಗೆಯುವವರಿದ್ದರೆ ದಯವಿಟ್ಟು ಅರ್ಧ ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಸರಿ, ನಿಮಗೂ ಹೀಗಾಗಿದೆ ಅಂತ ಇಟ್ಟುಕೊಳ್ಳುವಾ. ಜಗಳಕ್ಕೆ ಹೋಗುವ ಮೊದಲು ಆ ಫೀಚರ್ ನಿಜವಾಗಿ ಇಲ್ಲವಾ, ಅಥವಾ ಇದ್ದೂ ಆಫ್ ಆಗಿದೆಯಾ ನೋಡಿ. ವೈಪರ್ ಆದರೆ ಕಣ್ಣಿಗೆ ಕಾಣುತ್ತದೆ. ಆದರೆ ಆಟೋ ಡೋರ್ ಲಾಕ್, ಹೆಡ್‌ಲೈಟ್ ಸ್ವಲ್ಪ ಹೊತ್ತು ಉರಿದು ಆರುವುದು, ಕನ್ನಡಿ ತಾನೇ ಮಡಚಿಕೊಳ್ಳುವುದು, ಇಂಥವು ಎಷ್ಟೋ ಸಲ ಸ್ಕ್ರೀನಿನ ಸೆಟ್ಟಿಂಗ್ಸ್ ಒಳಗೆ ಮಲಗಿರುತ್ತವೆ. ಮೊಬೈಲ್ ಆ್ಯಪ್‌ನಿಂದ ಕಾರು ನೋಡುವ ಸೌಲಭ್ಯ ಇದ್ದರೆ ಅದನ್ನು ಶೋರೂಮಿನವರೇ ಆ್ಯಕ್ಟಿವೇಟ್ ಮಾಡಿಕೊಡಬೇಕು, ಕೆಲವೊಮ್ಮೆ ಮರೆತಿರುತ್ತಾರೆ. ಮ್ಯಾನ್ಯುಯಲ್ ಪುಸ್ತಕ ನೋಡಿ "ಇದರಲ್ಲಿ ಉಂಟು" ಅಂತ ವಾದಕ್ಕೆ ಇಳಿಯಬೇಡಿ. ಆ ಪುಸ್ತಕ ಎಲ್ಲ ವೇರಿಯಂಟ್‌ಗೂ, ಅಂದರೆ ಒಂದೇ ಕಾರಿನ ಕಡಿಮೆ ಹೆಚ್ಚು ಬೆಲೆಯ ಎಲ್ಲ ದರ್ಜೆಗೂ, ಒಂದೇ, ಪಕ್ಕದಲ್ಲಿ ನಕ್ಷತ್ರ ಹಾಕಿ "ಇದ್ದಲ್ಲಿ ಮಾತ್ರ" ಅಂತ ಬರೆದಿರುತ್ತದೆ.

ಇಲ್ಲ ಅಂತ ಖಾತ್ರಿಯಾದರೆ ಯಾಕೆ ಇಲ್ಲ ಅನ್ನುವುದು ಮುಂದಿನ ಪ್ರಶ್ನೆ. ಇದರ ಮೇಲೆಯೇ ಎಲ್ಲ ನಿಂತಿದೆ. ನೀವು ಕೇಳಿದ ವೇರಿಯಂಟ್ ಬದಲು ಬೇರೆ ವೇರಿಯಂಟ್ ಕೊಟ್ಟರಾ? ಅಥವಾ ವೇರಿಯಂಟ್ ಅದೇ, ಆದರೆ ನೀವು ಬುಕ್ ಮಾಡಿದ ಮೇಲೆ ಕಂಪನಿಯೇ ಆ ಫೀಚರ್ ತೆಗೆಯಿತಾ? ಅಥವಾ, ಬೇಜಾರು ಮಾಡಬೇಡಿ, ಯೂಟ್ಯೂಬ್‌ನಲ್ಲಿ ಟಾಪ್ ಮಾಡೆಲ್ ನೋಡಿ ಮಧ್ಯದ ಮಾಡೆಲ್ ಬುಕ್ ಮಾಡಿದಿರಾ? ಮೂರನೆಯದಾದರೆ ಯಾರ ಮೇಲೂ ಕೇಸು ನಿಲ್ಲುವುದಿಲ್ಲ.

ಮೊದಲನೆಯದನ್ನು ಕಂಡುಹಿಡಿಯುವುದು ಸುಲಭ. ಬುಕಿಂಗ್ ಫಾರ್ಮ್, ಇನ್‌ವಾಯ್ಸ್, ಫಾರ್ಮ್ 21 ಅಂದರೆ ಸೇಲ್ ಸರ್ಟಿಫಿಕೇಟ್, ಇನ್ಶೂರೆನ್ಸ್ ಪಾಲಿಸಿ, ಈ ನಾಲ್ಕನ್ನೂ ಮೇಜಿನ ಮೇಲೆ ಹರಡಿ ವೇರಿಯಂಟ್ ಹೆಸರನ್ನು ಒಂದೊಂದು ಅಕ್ಷರ ಹೋಲಿಸಿ. ಕೊನೆಯಲ್ಲಿರುವ ಒಂದು ಬ್ರಾಕೆಟ್, ಒಂದು ಓ ಅಕ್ಷರದಲ್ಲಿ ಮೂವತ್ತು ನಲವತ್ತು ಸಾವಿರದ ವ್ಯತ್ಯಾಸ ಇರುತ್ತದೆ. ಆಮೇಲೆ ಕಾರಿನ ಮೇಲೆ ಇರುವ 17 ಅಕ್ಷರದ ಚಾಸಿಸ್ ನಂಬರ್ ಕಾಗದದಲ್ಲಿರುವುದಕ್ಕೆ ಸರಿ ಉಂಟಾ ನೋಡಿ. ದುಬಾರಿ ವೇರಿಯಂಟ್ ಅಂತ ಬಿಲ್ ಮಾಡಿ ಕಡಿಮೆಯದ್ದು ಕೊಟ್ಟಿದ್ದರೆ ನಷ್ಟ ಬರೀ ಕಾರಿನ ಬೆಲೆಯಲ್ಲಿ ಅಲ್ಲ. ಲೈಫ್ ಟ್ಯಾಕ್ಸ್ ಬೆಲೆಯ ಮೇಲೆ, ಇನ್ಶೂರೆನ್ಸ್ ಪ್ರೀಮಿಯಂ ಬೆಲೆಯ ಮೇಲೆ, ಕಾರು 10 ಲಕ್ಷ ದಾಟಿದರೆ 1 ಪರ್ಸೆಂಟ್ ಟಿಸಿಎಸ್ (ಶೋರೂಮಿನವರೇ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ) ಕೂಡ ಬೆಲೆಯ ಮೇಲೆ. ಟಿಸಿಎಸ್ ರಿಟರ್ನ್ ಹಾಕುವಾಗ ವಾಪಸ್ ಬರುತ್ತದೆ, ಉಳಿದದ್ದು ಬರುವುದಿಲ್ಲ.

ನನ್ನದು ಎರಡನೆಯ ಕೇಸು. ವೇರಿಯಂಟ್ ಹೆಸರು ಎಲ್ಲ ಕಡೆ ಸರಿಯಾಗಿಯೇ ಇತ್ತು. ಆದರೆ ನಾನು ಬುಕ್ ಮಾಡಿದ್ದು ಏಪ್ರಿಲ್‌ನಲ್ಲಿ, ಕಾರು ತಯಾರಾದದ್ದು ಜೂನ್‌ನಲ್ಲಿ, ನಡುವೆ ಕಂಪನಿ ಸದ್ದಿಲ್ಲದೆ ಬ್ರೋಷರ್ ಬದಲಿಸಿತ್ತು. ಸೇಲ್ಸ್ ಮ್ಯಾನೇಜರ್ ಹೊಸ ಬ್ರೋಷರ್ ತೆಗೆದು, ಕೊನೆಯ ಪುಟದಲ್ಲಿ ಇರುವೆ ಸಾಲಿನ ಹಾಗೆ ಇರುವ ಅಕ್ಷರ ತೋರಿಸಿದರು: ಮುನ್ಸೂಚನೆ ಇಲ್ಲದೆ ಬದಲಿಸುವ ಹಕ್ಕು ಕಂಪನಿಗೆ ಇದೆ. ಇದು ಎಲ್ಲ ಕಂಪನಿಯ ಬ್ರೋಷರ್‌ನಲ್ಲೂ ಇರುತ್ತದೆ. ಇದನ್ನು ನೋಡಿ ಹೆದರಿ ಎದ್ದು ಬರುವವರೇ ಹೆಚ್ಚು. ನೀವು ಏಳಬೇಡಿ. ಕಂಪನಿ ಮುಂದೆ ತಯಾರಿಸುವ ಕಾರಿನಲ್ಲಿ ಏನು ಬೇಕಾದರೂ ಬದಲಿಸಲಿ. ಆದರೆ ಇಂಥದ್ದು ಉಂಟು ಅಂತ ತೋರಿಸಿ ದುಡ್ಡು ತಕ್ಕೊಂಡ ಮೇಲೆ, ಅದು ಇಲ್ಲ ಅಂತ ಬಿಲ್ ಮಾಡುವ ಮೊದಲು ನನಗೆ ಹೇಳಬೇಕಿತ್ತು ಅಲ್ವಾ? ನನ್ನ ತಕರಾರು ಅಷ್ಟೇ, ಅದಕ್ಕೇ ಅಂಟಿಕೊಂಡೆ. ಚಿಪ್ ಸಿಗದ ಕಾಲದಲ್ಲಿ ಟೊಯೋಟಾ ಕೂಡ ಜಪಾನಿನಲ್ಲಿ ಎರಡು ಸ್ಮಾರ್ಟ್ ಕೀ ಬದಲು ಒಂದು ಸ್ಮಾರ್ಟ್ ಕೀ, ಒಂದು ಸಾದಾ ಕೀ ಕೊಟ್ಟಿತ್ತು, 2022ರ ಅಕ್ಟೋಬರ್‌ನಲ್ಲಿ. ಆದರೆ ಅದನ್ನು ಹೇಳಿಯೇ ಕೊಟ್ಟಿತು.

ಒಂದು ವಿಷಯ ಪ್ರತ್ಯೇಕ ಇಡಿ. ಕಾನೂನು ಕಡ್ಡಾಯ ಮಾಡಿದ್ದು ಕಾರಿನಲ್ಲಿ ಇಲ್ಲದಿದ್ದರೆ ಅದು ಚೌಕಾಸಿಯ ಮಾತೇ ಅಲ್ಲ. ರಿವರ್ಸ್ ಸೆನ್ಸರ್, ಸೀಟ್ ಬೆಲ್ಟ್ ರಿಮೈಂಡರ್, ಸ್ಪೀಡ್ ಅಲರ್ಟ್ 2019ರ ಜುಲೈನಿಂದ ಕಡ್ಡಾಯ. ಮುಂದಿನ ಎರಡು ಏರ್‌ಬ್ಯಾಗ್ ಕೂಡ ಈಗ ಕಡ್ಡಾಯ. ಇವು ಇಲ್ಲದ ಗಾಡಿಯನ್ನು ಮನೆಗೆ ತರಲೇಬೇಡಿ. ಹಿಂದಿನ ಕ್ಯಾಮೆರಾ, ವೈಪರ್, ಡಿಫಾಗರ್ ಆ ಪಟ್ಟಿಯಲ್ಲಿ ಇಲ್ಲ. ಕ್ಯಾಮೆರಾ ಇಲ್ಲ ಅಂತ ಗಲಾಟೆ ಮಾಡುವವರು ಸೆನ್ಸರ್ ಇದೆಯಾ ಅಂತ ಒಮ್ಮೆ ರಿವರ್ಸ್ ಹಾಕಿ ನೋಡಿ, ಎರಡೂ ಬೇರೆ ಬೇರೆ.

ಈಗ ಶೋರೂಮಿಗೆ ಹೋಗುವುದು. ಬಾಯಿಮಾತು ಬೇಡ. ನಮ್ಮ ಮಂಗಳೂರಿನಲ್ಲಿ "ಮಾಡುವಾ ಮೇಡಂ" ಅಂತ ಒಂದು ಮಾತು ಉಂಟು. ಅದಕ್ಕೆ ಇವತ್ತು ಅಂತಲೂ ಅರ್ಥ ಇಲ್ಲ, ನಾಳೆ ಅಂತಲೂ ಇಲ್ಲ, ಆಗುವುದಿಲ್ಲ ಅಂತಲೂ ಇಲ್ಲ. ನಾನು ಆ "ಮಾಡುವಾ" ನಂಬಿ ಒಂಬತ್ತು ದಿನ ಕಳೆದೆ. ಅಂದ ಹಾಗೆ ಕಾರು ನನ್ನ ಹೆಸರಲ್ಲಿ, ಲೋನ್ ನನ್ನ ಸಂಬಳದ ಮೇಲೆ, ಆದರೆ ಮ್ಯಾನೇಜರ್ ಮಾತಾಡಿದ್ದೆಲ್ಲ ನಮ್ಮ ಯಜಮಾನರ ಹತ್ತಿರ. ಅವರು ಪಾಪ "ಅವಳನ್ನೇ ಕೇಳಿ" ಅಂತ ಮೊಬೈಲ್ ನೋಡುತ್ತಾ ಕೂತಿದ್ದರು. ಹತ್ತನೇ ದಿನ ನಾನು ಇಮೇಲ್ ಹಾಕಿದೆ. ಮೇಲ್ ಹಾಕಿದ ಮರುದಿನದಿಂದ ಫೋನ್ ನನಗೇ ಬರತೊಡಗಿತು.

ಮೇಲ್ ಉದ್ದ ಬೇಡ. ನಾನು ಬರೆದದ್ದು ಹೆಚ್ಚುಕಡಿಮೆ ಹೀಗೆ: "ಏಪ್ರಿಲ್‌ನಲ್ಲಿ ಈ ಬುಕಿಂಗ್ ನಂಬರಿನಲ್ಲಿ ಈ ವೇರಿಯಂಟ್ ಬುಕ್ ಮಾಡಿದ್ದೇನೆ. ನಿಮ್ಮ ಸಿಬ್ಬಂದಿ ಕಳಿಸಿದ ಬ್ರೋಷರ್ ಪ್ರಕಾರ ಇದರಲ್ಲಿ ಹಿಂದಿನ ವೈಪರ್, ವಾಷರ್, ಡಿಫಾಗರ್ ಇರಬೇಕು. ಕೊಟ್ಟ ಕಾರಿನಲ್ಲಿ ಮೂರೂ ಇಲ್ಲ. ಬದಲಾವಣೆಯನ್ನು ಬಿಲ್ ಮಾಡುವ ಮೊದಲು ನನಗೆ ತಿಳಿಸಿಲ್ಲ. ಇವುಗಳಿರುವ ಕಾರು ಕೊಡಿ, ಅಥವಾ ಬೆಲೆಯ ವ್ಯತ್ಯಾಸ ವಾಪಸ್ ಕೊಡಿ. 15 ದಿನದಲ್ಲಿ ಲಿಖಿತ ಉತ್ತರ ಬೇಕು." ಜೊತೆಗೆ ಬ್ರೋಷರ್, ವಾಟ್ಸ್ಆ್ಯಪ್ ಸ್ಕ್ರೀನ್‌ಶಾಟ್, ಇನ್‌ವಾಯ್ಸ್, ಹಿಂದಿನ ಗಾಜಿನ ಫೋಟೋ. ಶೋರೂಮಿಗೆ ಕಳಿಸಿ, ಕಂಪನಿಯ ಕಸ್ಟಮರ್ ಕೇರ್‌ಗೂ ಅದೇ ಮೇಲ್ ಕಾಪಿ ಹಾಕಿ. ಸ್ಕ್ರೀನ್‌ಶಾಟ್‌ನಲ್ಲಿ ತಾರೀಕು ಕಾಣಬೇಕು, ಇದು ಮುಖ್ಯ. ಹಳೆಯ ಬ್ರೋಷರ್ ವೆಬ್‌ಸೈಟ್‌ನಿಂದ ಮಾಯವಾಗುತ್ತದೆ, ನಿಮ್ಮ ಫೋನಿನಲ್ಲಿರುವುದೇ ಸಾಕ್ಷಿ. ಬುಕ್ ಮಾಡಿದ ದಿನವೇ ಪಿಡಿಎಫ್ ಇಳಿಸಿ ಇಟ್ಟುಕೊಳ್ಳಿ.

ಆಮೇಲೆ ಆಫರ್ ಬರುತ್ತದೆ. ಮೊದಲು ಫ್ಲೋರ್ ಮ್ಯಾಟ್, ಆಮೇಲೆ ಸೀಟ್ ಕವರ್. ನಗು ಬಂತು, ಸೀಟ್ ಕವರ್ ಹಾಕಿದರೆ ಹಿಂದಿನ ಗಾಜು ಒರೆಸುತ್ತದಾ? ಮೂರನೆಯದ್ದು ಮಾತ್ರ ಅಪಾಯದ ಆಫರ್: "ಹೊರಗಿನಿಂದ ವೈಪರ್ ಕೂರಿಸಿ ಕೊಡುತ್ತೇವೆ." ಇಲ್ಲಿ ಸ್ವಲ್ಪ ಯೋಚಿಸಿ. ವೈಪರ್ ಅಂದರೆ ಬರೀ ಒಂದು ಕಡ್ಡಿ ಅಲ್ಲ. ಡಿಕ್ಕಿ ಬಾಗಿಲ ಒಳಗೆ ಮೋಟರ್ ಬೇಕು, ಅದರ ದಂಡ ಹೊರಬರಲು ತೂತು ಬೇಕು, ನೀರಿನ ಪೈಪು ಮುಂದಿನಿಂದ ಹಿಂದಿನವರೆಗೆ ಬರಬೇಕು, ವೈರು ಬೇಕು, ಸ್ಟೀರಿಂಗ್ ಪಕ್ಕದ ಸ್ವಿಚ್ಚೇ ಬದಲಾಗಬೇಕು. ಡಿಫಾಗರ್‌ನ ಗೆರೆ ಗಾಜಿನ ಮೇಲೆಯೇ ಅಚ್ಚಾಗಿರುವುದರಿಂದ ಪೂರ್ತಿ ಗಾಜು ಬದಲಿಸಬೇಕು. ಹೊಸ ಗಾಡಿಗೆ ತೂತು ಕೊರೆದರೆ ನಮ್ಮ ಉಪ್ಪುಗಾಳಿಗೆ ಅಲ್ಲಿಂದಲೇ ತುಕ್ಕು ಶುರು. ವೈರು ಕತ್ತರಿಸಿ ಜೋಡಿಸಿದರೆ ಮುಂದೆ ಎಲೆಕ್ಟ್ರಿಕಲ್ ತೊಂದರೆ ಬಂದಾಗ ವಾರಂಟಿ ಇಲ್ಲ ಅಂತ ಇದೇ ಶೋರೂಮಿನವರು ಹೇಳುತ್ತಾರೆ. ಕ್ಯಾಮೆರಾ, ಫಾಗ್ ಲ್ಯಾಂಪ್, ಸ್ಪೀಕರ್ ಆದರೆ ಬೇರೆ ಮಾತು. ಕಂಪನಿಯದ್ದೇ ಅಸಲಿ ಬಿಡಿಭಾಗ, ವೈರು ಕತ್ತರಿಸದೆ ಕಪ್ಲರ್‌ಗೆ ಸಿಕ್ಕಿಸುವಂಥದ್ದು, ಕೂರಿಸಿದ್ದಕ್ಕೆ ಬಿಲ್ಲು, ವಾರಂಟಿ ಹೋಗುವುದಿಲ್ಲ ಅಂತ ಲೆಟರ್‌ಹೆಡ್‌ನಲ್ಲಿ ಒಂದು ಸಾಲು, ಇಷ್ಟು ಕೊಟ್ಟರೆ ಒಪ್ಪಿಕೊಳ್ಳಿ.

ಕಾರು ಬದಲಿಸಿ ಕೊಡುವುದು ರಿಜಿಸ್ಟ್ರೇಷನ್ ಆಗುವ ಮೊದಲು ಮಾತ್ರ ಸುಲಭ. ಕೆಎ 19 ಆಗಲಿ ಕೆಎ 20 ಆಗಲಿ, ನಂಬರ್ ಬಿದ್ದ ಮೇಲೆ ಅದು ಸೆಕೆಂಡ್ ಹ್ಯಾಂಡ್ ಗಾಡಿ, ಶೋರೂಮಿನವರು ಕೈ ಮುಗಿಯುತ್ತಾರೆ. ಅದಕ್ಕೇ ಶೋರೂಮಿನವರು ಹೊಸ ಗಾಡಿ ನಿಲ್ಲಿಸಿಡುವ ಯಾರ್ಡಿಗೆ ಕಾರು ಬಂದ ದಿನವೇ, ಇನ್ಶೂರೆನ್ಸ್ ಮಾಡಿಸುವ ಮೊದಲು, ಬ್ಯಾಂಕಿನಿಂದ ಲೋನ್ ದುಡ್ಡು ಹೋಗುವ ಮೊದಲು, ಚಾಸಿಸ್ ನಂಬರ್ ಕೇಳಿ ಪಡೆದು ಹೋಗಿ ಕಾರು ನೋಡಿ ಬನ್ನಿ. ಯಾರ್ಡು ಊರ ಹೊರಗೆ, ಕೆಸರು, ಯಾಕೆ ಮೇಡಂ ಸುಮ್ನೆ ಕಷ್ಟ ಅನ್ನುತ್ತಾರೆ. ಪರವಾಗಿಲ್ಲ, ಹಳೆ ಚಪ್ಪಲಿ ಹಾಕಿಕೊಂಡು ಹೋಗಿ. ಕೈಯಲ್ಲಿ ಬ್ರೋಷರ್ ಪ್ರಿಂಟ್, ಪೆನ್ನು. ಪ್ರತಿ ಸ್ವಿಚ್ ಒತ್ತಿ. ಒತ್ತಲು ಬಾರದ ಖಾಲಿ ಪ್ಲಾಸ್ಟಿಕ್ ಸ್ವಿಚ್ ಕಂಡರೆ ಅಲ್ಲಿ ಬರಬೇಕಾದದ್ದು ಎಂತದು ಅಂತ ಕೇಳಿ.

ಡೆಲಿವರಿ ಹೊತ್ತಿಗೆ "ಎಲ್ಲವೂ ಸರಿಯಾಗಿ ಸಿಕ್ಕಿದೆ" ಅಂತ ಒಂದು ಫಾರ್ಮ್‌ಗೆ ಸಹಿ ಹಾಕಿಸುತ್ತಾರೆ. ಏನಾದರೂ ಇಲ್ಲದಿದ್ದರೆ ಅದರ ಮೇಲೆಯೇ ಕೈಯಲ್ಲಿ ಬರೆದು, ತಾರೀಕು ಹಾಕಿ, ಫೋಟೋ ತೆಗೆದುಕೊಳ್ಳಿ. ನಾನು ಓದದೆ ಸಹಿ ಹಾಕಿದ್ದೆ, ಆಮೇಲೆ ಅದನ್ನೇ ನನ್ನ ಮುಖಕ್ಕೆ ಹಿಡಿದರು. ಇನ್ನೊಂದು, ಸ್ವಲ್ಪ ದಿನದಲ್ಲಿ ಕಂಪನಿಯಿಂದ ಫೋನ್ ಬರುತ್ತದೆ, ಶೋರೂಮಿಗೆ 10ಕ್ಕೆ ಎಷ್ಟು ಅಂಕ ಅಂತ. ಸೇಲ್ಸ್ ಹುಡುಗ 10 ಕೊಡಿ ಅಂತ ಗೋಗರೆಯುತ್ತಾನೆ. ಆ ಅಂಕ ಅವರಿಗೆ ಎಷ್ಟು ಮುಖ್ಯ ಅಂತ ಅವನ ಮುಖ ನೋಡಿದರೆ ಗೊತ್ತಾಗುತ್ತದೆ. ನಾನು ವಿಷಯ ಇತ್ಯರ್ಥ ಆದ ಮೇಲೆ ಕೊಡುತ್ತೇನೆ ಅಂದೆ. ಕಟುಕತನ ಅನ್ನಿಸಿದರೂ ಇಮೇಲಿನಷ್ಟೇ ಕೆಲಸ ಮಾಡಿತು.

15 ದಿನ ಕಳೆದೂ ಸದ್ದಿಲ್ಲದಿದ್ದರೆ 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ದಾಟಿಸುತ್ತಾರೆ. ಆದರೆ ಕಂಪನಿಯ ಮೇಲಿನವರ ಕಣ್ಣಿಗೆ ಬೀಳುತ್ತದೆ. ನನ್ನದು ಮುಗಿದದ್ದು ಇಲ್ಲೇ. ವಾಪಸ್ ದುಡ್ಡು ಕೊಡುತ್ತೇವೆ ಅಂದಾಗ ಇನ್‌ವಾಯ್ಸ್‌ಗೆ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸಿದ ಕಾಗದ) ಮಾಡಿಸಿ ಬ್ಯಾಂಕ್ ಖಾತೆಗೆ ಹಾಕಿಸಿಕೊಂಡೆ. ಆ್ಯಕ್ಸೆಸರಿ ರೂಪದಲ್ಲಿ ತಕ್ಕೊಳ್ಳಿ ಅಂತ ಕೊನೆಯವರೆಗೂ ಒತ್ತಾಯ ಇತ್ತು. ಹೊರಗೆ ಎರಡು ಸಾವಿರಕ್ಕೆ ಸಿಗುವ ಮ್ಯಾಟಿಗೆ ಅಲ್ಲಿ ಎಷ್ಟು ಬೆಲೆ ಹಾಕುತ್ತಾರೆ ಅಂತ ಒಮ್ಮೆ ನೋಡಿ, ಆಮೇಲೆ ಒಪ್ಪಿ.

ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ದಕ್ಷಿಣ ಕನ್ನಡಕ್ಕೆ ಮಂಗಳೂರಿನಲ್ಲಿ ಒಂದು, ಉಡುಪಿ ಜಿಲ್ಲೆಗೆ ಬೇರೆಯೇ ಒಂದು ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು. ಕುಂದಾಪುರದವರು ಬೆಂಗಳೂರಿನಲ್ಲಿ ಕಾರು ತೆಗೆದಿದ್ದರೂ ಉಡುಪಿಯಲ್ಲೇ ಹಾಕಬಹುದು. ಕೊಟ್ಟ ಬೆಲೆ 50 ಲಕ್ಷದ ಒಳಗಿದ್ದರೆ ಜಿಲ್ಲಾ ಆಯೋಗಕ್ಕೇ ಬರುತ್ತದೆ. ಶುಲ್ಕ 5ರಿಂದ 10 ಲಕ್ಷದ ಕಾರಿಗೆ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400. ವಕೀಲರು ಬೇಕೇಬೇಕು ಅಂತ ಇಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಅದಕ್ಕೆ ಮೊದಲು ಶೋರೂಮಿಗೂ ಕಂಪನಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ನೋಟಿಸ್ ಕಳಿಸಿ ರಸೀದಿ ಇಟ್ಟುಕೊಳ್ಳಿ, ದೂರಿನಲ್ಲಿ ಇಬ್ಬರನ್ನೂ ಸೇರಿಸಿ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಅವರ ಮೇಲೆ ಹಾಕಿ ಕೂರುತ್ತಾರೆ. ಎರಡು ವರ್ಷದ ಒಳಗೆ ಹಾಕಬೇಕು. ಕಾಯ್ದೆಯಲ್ಲಿ ಮೂರರಿಂದ ಐದು ತಿಂಗಳಲ್ಲಿ ಮುಗಿಸಬೇಕು ಅಂತ ಇದ್ದರೂ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ ಅಂತಲೇ ಲೆಕ್ಕ ಹಾಕಿ. ಹತ್ತು ಹದಿನೈದು ಸಾವಿರದ ವಿಷಯಕ್ಕೆ ಅಷ್ಟು ಓಡಾಟ ಬೇಕಾ ಅಂತ ನಿಮ್ಮ ರಜೆ ನೋಡಿ ನಿರ್ಧರಿಸಿ. ಬೇರೆ ವೇರಿಯಂಟ್ ಕೊಟ್ಟು ಮೋಸ ಮಾಡಿದ್ದರೆ ಮಾತ್ರ ಬಿಡಬೇಡಿ.

ನನ್ನ ದುಡ್ಡು ಬಂದದ್ದು ಆಟಿ ಅರ್ಧ ಕಳೆದ ಮೇಲೆ. ಆಟಿಯಲ್ಲಿ ಹೊಸತು ಏನೂ ಮನೆಗೆ ತರಬಾರದು ಅನ್ನುವ ಅತ್ತೆ, ಇದಕ್ಕೆ ಮಾತ್ರ ಏನೂ ಹೇಳಲಿಲ್ಲ. ಹಿಂದಿನ ಗಾಜು ಒರೆಸಲು ಡೋರಿನ ಖಾನೆಯಲ್ಲಿ ಅವರದ್ದೇ ಒಂದು ಹಳೆ ಬೈರಾಸು ಇಟ್ಟಿದ್ದೇನೆ.