ಮೂರು ಮೆಟ್ಟಿಲಿಗೆ ಒಂದು ರ‍್ಯಾಂಪ್: ಅಪಾರ್ಟ್‌ಮೆಂಟ್‌ಗಳಲ್ಲಿ ನಾವು ಮಾಡುವ ಕ್ರಮ

ಬೆಂಗಳೂರಿನ ಹಳೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಪಾರ್ಕಿಂಗ್‌ನಿಂದ ಲಿಫ್ಟಿನ ಬಾಗಿಲಿಗೆ ಹೋಗಲು ಎರಡು ಮೂರು ಮೆಟ್ಟಿಲು ಇರುವುದು ಮಾಮೂಲು. ರ‍್ಯಾಂಪ್ ಮಾಡಿಸೋಣ ಎಂದರೆ ಅಸೋಸಿಯೇಷನ್ ಸಭೆಯಲ್ಲಿ "ಇಲ್ಲಿ ವೀಲ್‌ಚೇರ್ ಯಾರಿಗಿದೆ?" ಎಂಬ ಮಾತು ಬಂದೇ ಬರುತ್ತದೆ. ತುಂಬಿದ ಗ್ಯಾಸ್ ಸಿಲಿಂಡರ್ ಹತ್ತಿರ ಹತ್ತಿರ 30 ಕೆ.ಜಿ. ತೂಗುತ್ತದೆ. ಅದನ್ನು ತರುವವರು, 20 ಲೀಟರಿನ ನೀರಿನ ಕ್ಯಾನ್ ಹೊರುವವರು, ಮಗುವಿನ ಗಾಡಿ ತಳ್ಳುವವರು, ಮಂಡಿನೋವಿನ ಹಿರಿಯರು ಎಲ್ಲರೂ ಹತ್ತುವುದು ಅದೇ ಮೆಟ್ಟಿಲನ್ನು. ಇದನ್ನು ಲೆಕ್ಕಕ್ಕೆ ತಂದ ಮೇಲೆ ಸಭೆಯ ಧಾಟಿಯೇ ಬದಲಾಗುತ್ತದೆ.

ಇಳಿಜಾರು 1:12 ಇರಬೇಕು, ಅಂದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಕಟ್ಟಡಗಳಲ್ಲಿ ಎಲ್ಲರಿಗೂ ಸುಗಮ ಪ್ರವೇಶ ಕುರಿತ ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಮೂರು ಮೆಟ್ಟಿಲು ಸೇರಿ 45 ಸೆಂ.ಮೀ. ಎತ್ತರವಿದ್ದರೆ ರ‍್ಯಾಂಪ್ 5.4 ಮೀಟರ್ ಉದ್ದ ಬೇಕು, ಮೇಲೂ ಕೆಳಗೂ 1.5 ಮೀಟರ್ ಸಮತಟ್ಟು ಜಾಗ ಬೇರೆ. ಜಾಗ ಸಾಲದೆಂದು ಅರ್ಧ ಉದ್ದಕ್ಕೇ ಮುಗಿಸಿದರೆ ಅದು ಸ್ಕೂಟರ್ ಹತ್ತಿಸಲು ಮಾತ್ರ ಸರಿ. ವೀಲ್‌ಚೇರ್ ಹಿಂದಕ್ಕೆ ವಾಲುತ್ತದೆ. ನೇರ ಹಿಡಿಸದಿದ್ದರೆ ನಡುವೆ 1.5 ಮೀಟರಿನ ಸಮತಟ್ಟು ಕೊಟ್ಟು ತಿರುಗಿಸುತ್ತೇವೆ. ಅಗಲ 1.2 ಮೀಟರ್. ಕೆಲಸ ಮುಗಿದ ಮೇಲೆ 1.2 ಮೀಟರಿನ ಪಟ್ಟಿಯನ್ನು ರ‍್ಯಾಂಪಿನ ಮೇಲಿಟ್ಟು ರಸಮಟ್ಟ ನೋಡಿ ಸಮ ಹಿಡಿಯಿರಿ: ಕೆಳತುದಿಯ ಸಂದು 10 ಸೆಂ.ಮೀ. ದಾಟಬಾರದು.

ಹೆಚ್ಚಾಗಿ ಕೆಡುವುದು ಕಟ್ಟಡಕ್ಕೆ ರ‍್ಯಾಂಪ್ ಸೇರುವ ಜಾಗ. ಮಣ್ಣನ್ನು ಒಂದೇ ಸಲ ಸುರಿದು ಮೇಲೆ ಕಾಂಕ್ರೀಟ್ ಹಾಕಿದರೆ ಒಂದು ಮಳೆಗಾಲದಲ್ಲಿ ಕುಸಿಯುತ್ತದೆ. ಲಾಬಿಯ ಕಲ್ಲು ಮೇಲೆ, ರ‍್ಯಾಂಪ್ ಕೆಳಗೆ, ನಡುವೆ ಎರಡು ಸೆಂ.ಮೀ. ಏಣು. ವೀಲ್‌ಚೇರಿನ ಮುಂದಿನ ಪುಟ್ಟ ಚಕ್ರ ಅಲ್ಲೇ ಸಿಕ್ಕಿಕೊಂಡು ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಆದ್ದರಿಂದ 15 ಸೆಂ.ಮೀ. ಪದರಗಳಲ್ಲಿ ಮಣ್ಣು ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹೊಡೆಸಬೇಕು. ಕಟ್ಟಡಕ್ಕೂ ರ‍್ಯಾಂಪಿಗೂ ನಡುವೆ 12 ಮಿ.ಮೀ. ಸಂದು ಬಿಟ್ಟು ಸೀಲೆಂಟ್ (ಸಂದು ಮುಚ್ಚುವ ರಬ್ಬರಿನಂಥ ಅಂಟು) ತುಂಬಿದರೆ ಬಿರುಕು ಲಾಬಿಯ ನೆಲಕ್ಕೆ ಹಬ್ಬುವುದಿಲ್ಲ.

ಪಾಲಿಶ್ ಗ್ರಾನೈಟ್ ಬೇಡವೇ ಬೇಡ. ಅದರ ಮೇಲೆ ಗೀರು ಕೊರೆಸಿದರೂ ಗೀರಿನಲ್ಲಿ ದೂಳು ಕೂತು, ಒದ್ದೆಯಾದಾಗ ಜಾರುತ್ತದೆ. ಕಾಂಕ್ರೀಟ್ ಹಸಿ ಇರುವಾಗಲೇ ಪೊರಕೆಯಿಂದ ಅಡ್ಡ ಗೆರೆ ಎಳೆಸಿದರೆ ಖರ್ಚೂ ಕಡಿಮೆ, ಹಿಡಿತವೂ ಚೆನ್ನ. ಕೆಳತುದಿಯಲ್ಲಿ ನೀರು ಹೋಗಲು ಜಾಲರಿ ಹಾಕುವುದಾದರೆ ಸೀಳು 12 ಮಿ.ಮೀ. ಮೀರದಿರಲಿ, ನಡೆಯುವ ದಿಕ್ಕಿಗೆ ಅಡ್ಡವಾಗಿರಲಿ. ಉದ್ದಕ್ಕಿದ್ದರೆ ಊರುಗೋಲು ಇಳಿದುಬಿಡುತ್ತದೆ.

ಎರಡೂ ಬದಿ 40 ಮಿ.ಮೀ. ಸ್ಟೀಲ್ ಪೈಪಿನ ಕೈಹಿಡಿ ಕಂಬಿ: ಒಂದು 90 ಸೆಂ.ಮೀ. ಎತ್ತರದಲ್ಲಿ, ಇನ್ನೊಂದು 70ರಲ್ಲಿ. ಗೋಡೆಯಿಂದ 5 ಸೆಂ.ಮೀ. ದೂರವಿಡಿ, ಇಲ್ಲದಿದ್ದರೆ ಬೆರಳು ತರಚುತ್ತದೆ. ರ‍್ಯಾಂಪ್ ಮುಗಿದ ಮೇಲೂ 30 ಸೆಂ.ಮೀ. ಮುಂದುವರಿಸಿ.

ಮೆಟ್ಟಿಲನ್ನು ಪೂರ್ತಿ ಒಡೆಯಬೇಡಿ. ವಾಕರ್ ಹಿಡಿದ ಅಥವಾ ಕ್ಯಾಲಿಪರ್ (ಕಾಲಿಗೆ ಆಧಾರ ಕೊಡುವ ಪಟ್ಟಿ) ಹಾಕಿದ ಕೆಲವರಿಗೆ ಇಳಿಜಾರಿಗಿಂತ ಮೆಟ್ಟಿಲೇ ಸಲೀಸು. ಪ್ರತಿ ಮೆಟ್ಟಿಲ ಅಂಚಿಗೆ 5 ಸೆಂ.ಮೀ. ಹಳದಿ ಪಟ್ಟಿ ಬಳಿಯಿರಿ. ಕೆಳಗಿನ ಸಮತಟ್ಟು ಜಾಗಕ್ಕೆ ಬರೀ ಬಣ್ಣ ಬಳಿದರೆ ಬೈಕ್ ನಿಲ್ಲುವುದು ತಪ್ಪದು. ಒಂದು ಮೀಟರ್ ಅಂತರದಲ್ಲಿ ಎರಡು ಗಿಡ್ಡ ಕಂಬ ಹೂಳಿಸಿ.