ಹಳೆ ಆಂಪ್ಲಿಫೈಯರ್ ಕೊಳ್ಳಲು ಹೊರಟಿರಾ? ಮಲ್ಟಿಮೀಟರ್ ಜೊತೆಗಿರಲಿ

1970ರ ದಶಕದ ಸ್ಟೀರಿಯೊ ಆಂಪ್ಲಿಫೈಯರ್ ಒಂದನ್ನು ಎತ್ತಿ ನೋಡಿ, ಕೈ ಸೋತುಹೋಗುತ್ತದೆ. ಇಂದಿನ ಅಗ್ಗದ ಆಂಪ್ ಅಂಗೈ ಮೇಲೆ ಕೂರುತ್ತದೆ. ಯಾವುದಕ್ಕೆ ದುಡ್ಡು ಹಾಕಬೇಕು ಎಂದು ಕೇಳಿದರೆ, ಆ ಹಳೆಯ ಪೆಟ್ಟಿಗೆ ಈಗ ಯಾವ ಸ್ಥಿತಿಯಲ್ಲಿದೆ ಎಂದು ನಾನು ಮೊದಲು ಕೇಳುತ್ತೇನೆ.

ಮೊದಲು ವ್ಯಾಟ್ ಲೆಕ್ಕ ಮಾಡಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಕಂಪನಿಗಳು ಹೇಳಿಕೊಳ್ಳುವ ವ್ಯಾಟ್ ಬಗ್ಗೆ ಒಂದು ನಿಯಮ ತಂದಿತು. ಆಂಪನ್ನು ಹೇಳಿಕೊಂಡದ್ದರ ಮೂರನೇ ಒಂದು ಭಾಗ ಪವರ್‌ನಲ್ಲಿ ಒಂದು ಗಂಟೆ ಓಡಿಸಿ, ಬಿಸಿಯಾದ ಮೇಲೆ ಅಳೆಯಬೇಕಿತ್ತು. ಹಾಗಾಗಿ ದೊಡ್ಡ ಹೀಟ್ ಸಿಂಕ್ (ಬಿಸಿ ಹೊರಹಾಕುವ ಲೋಹದ ರೆಕ್ಕೆಗಳು) ಬೇಕೇ ಬೇಕಾಯಿತು. ಆ ಕಾಲದ ಒಳ್ಳೆಯ ಕಂಪನಿಗಳ ಅಂಕಿ ನಂಬುವಂಥದ್ದು. 1970ರ ದಶಕದ ಕೊನೆಯ ಎನ್‌ಎಡಿ 3020 ತನ್ನದು ಚಾನೆಲ್‌ಗೆ ಬರೀ 20 ವ್ಯಾಟ್ ಎಂದೇ ಹೇಳಿಕೊಂಡಿತ್ತು. ಆದರೂ ಅದಕ್ಕೆ ಇಂದಿಗೂ ಅಭಿಮಾನಿಗಳಿದ್ದಾರೆ.

ಹೊಸ ಪುಟ್ಟ ಆಂಪ್‌ನಲ್ಲಿ ಬಾಕ್ಸ್ ಬಿಟ್ಟು ಅಡಾಪ್ಟರ್ ಓದಿ. 24 ವೋಲ್ಟ್, 5 ಆಂಪಿಯರ್ ಎಂದಿದೆಯಾ? ಗುಣಿಸಿದರೆ 120 ವ್ಯಾಟ್. ಬಾಕ್ಸ್ ಮೇಲೆ 600 ಎಂದಿದ್ದರೂ ಅಷ್ಟು ಪವರ್ ಅದಕ್ಕೆ ಬರುವುದೆಲ್ಲಿಂದ? 8 ಓಮ್ ಸ್ಪೀಕರ್‌ಗೆ ಆ 24 ವೋಲ್ಟ್‌ನಿಂದ ಚಾನೆಲ್‌ಗೆ ಹೆಚ್ಚೆಂದರೆ 36 ವ್ಯಾಟ್ ಸಿಗಬಹುದು. ಮನೆಯ ಕೋಣೆಗೆ ಅದು ಧಾರಾಳ ಸಾಕು. ವ್ಯಾಟ್ ಎರಡರಷ್ಟಾದರೂ ಸದ್ದು ಏರುವುದು 3 ಡೆಸಿಬಲ್ ಮಾತ್ರ.

ಈಗ ಹಳೆಯದರ ಪರೀಕ್ಷೆ. ಇದಕ್ಕೆ ಅವಸರ ಬೇಡ. ಹಿಂಭಾಗದಲ್ಲಿ ಎಷ್ಟು ವೋಲ್ಟ್ ಎಂದು ಬರೆದಿದೆ, ಮೊದಲು ನೋಡಿ. ಜಪಾನಿನ 100 ವೋಲ್ಟ್ ಮಾಡೆಲನ್ನು 230ಕ್ಕೆ ನೇರ ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ. ವೋಲ್ಟೇಜ್ ಸರಿಯಿದ್ದರೆ ಸ್ಪೀಕರ್ ಜೋಡಿಸದೆ, ವಾಲ್ಯೂಮ್ ಸೊನ್ನೆಗಿಟ್ಟು ಆನ್ ಮಾಡಿ. ರಿಲೇ (ಸ್ಪೀಕರನ್ನು ಕಾಪಾಡುವ ಸ್ವಯಂಚಾಲಿತ ಸ್ವಿಚ್) ಇರುವ ಮಾಡೆಲ್ ಆದರೆ ಕೆಲವು ಸೆಕೆಂಡಿನಲ್ಲಿ ಟಕ್ ಎನ್ನಬೇಕು. ಹತ್ತು ನಿಮಿಷ ಬಿಟ್ಟು ಸ್ಪೀಕರ್ ಟರ್ಮಿನಲ್‌ಗಳಲ್ಲಿ ಮಲ್ಟಿಮೀಟರ್ ಇಟ್ಟು ಡಿಸಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. 100 ದಾಟಿದರೆ ರಿಪೇರಿ ಆಗುವವರೆಗೆ ನಿಮ್ಮ ಸ್ಪೀಕರನ್ನು ಅದಕ್ಕೆ ಜೋಡಿಸಲೇಬೇಡಿ.

ಆಮೇಲೆ ಸ್ಪೀಕರ್ ಹಾಕಿ ನಾಬ್‌ಗಳನ್ನು ತಿರುಗಿಸಿ. ಗರಗರ ಎಂದರೆ ಹೆಚ್ಚಾಗಿ ಒಳಗಿನ ಕೊಳೆ, ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಹೋಗುತ್ತದೆ. ವಾಲ್ಯೂಮ್ ಸೊನ್ನೆಯಲ್ಲೂ ಗುಂಯ್ ಎನ್ನುತ್ತಿದ್ದರೆ ಪವರ್ ಸಪ್ಲೈನಲ್ಲಿ ಚಾರ್ಜ್ ಹಿಡಿದಿಡುವ ಕೆಪಾಸಿಟರ್‌ಗಳು ಒಣಗಿರುವ ಸಾಧ್ಯತೆ ಜಾಸ್ತಿ. ಮುಚ್ಚಳ ಮಾತ್ರ ನೀವೇ ತೆಗೆಯಬೇಡಿ, ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ಚಾರ್ಜ್ ಉಳಿದಿರುತ್ತದೆ.

ಈಗ ಬೆಲೆ ಹೋಲಿಸಿ. ಹಳೆಯದರ ಬೆಲೆಗೆ ಕೆಪಾಸಿಟರ್, ರಿಲೇ ಬದಲಾವಣೆ, ಬಯಾಸ್ (ಟ್ರಾನ್ಸಿಸ್ಟರ್‌ಗಳಲ್ಲಿ ಸದಾ ಹರಿಯುವ ಸಣ್ಣ ಕರೆಂಟ್) ಹೊಂದಿಸುವ ಕೂಲಿ ಎಲ್ಲ ಸೇರಿಸಿ, ಆ ಮೊತ್ತವನ್ನು ಹೊಸದರ ಪಕ್ಕ ಇಡಿ. ಸರ್ವಿಸ್ ಆದ ಹಳೆ ಆಂಪ್ ಸಿಕ್ಕರೆ ನಾನು ಕಣ್ಣುಮುಚ್ಚಿ ಅದನ್ನೇ ಆರಿಸುತ್ತೇನೆ. ಟರ್ನ್‌ಟೇಬಲ್ ಇರುವವರಿಗಂತೂ ಅದರಲ್ಲಿ ಟರ್ನ್‌ಟೇಬಲ್ ನೇರ ಜೋಡಿಸಲೆಂದೇ ಇರುವ ಫೋನೋ ಇನ್‌ಪುಟ್ ದೊಡ್ಡ ಲಾಭ. ಹತ್ತಿರದಲ್ಲಿ ರಿಪೇರಿ ಬಲ್ಲವರಿಲ್ಲದಿದ್ದರೆ ಹೊಸದೇ ಸರಿ. ಅದು ಕರೆಂಟನ್ನೂ ಕಡಿಮೆ ತಿನ್ನುತ್ತದೆ, ಬಿಸಿಯೂ ಅಷ್ಟಾಗಿ ಆಗುವುದಿಲ್ಲ.

ಎರಡನ್ನೂ ಕೇಳಿ ನೋಡುವ ಅವಕಾಶ ಸಿಕ್ಕರೆ ಸದ್ದನ್ನು ಸಮ ಮಾಡಿಕೊಳ್ಳಿ. ಸ್ವಲ್ಪ ಜೋರಾಗಿರುವುದೇ ಕಿವಿಗೆ ಚೆನ್ನಾಗಿದೆ ಅನಿಸಿಬಿಡುತ್ತದೆ, ಅಲ್ವಾ? ಒಂದೇ ಟೆಸ್ಟ್ ಟೋನ್ ಹಾಕಿ, ಎರಡರ ಸ್ಪೀಕರ್ ಟರ್ಮಿನಲ್‌ನಲ್ಲೂ ಎಸಿ ವೋಲ್ಟೇಜ್ ಒಂದೇ ಬರುವಂತೆ ವಾಲ್ಯೂಮ್ ಹೊಂದಿಸಿ. ಆಮೇಲೆ ನಿಮಗೆ ಚೆನ್ನಾಗಿ ಗೊತ್ತಿರುವ ಹಾಡು ಹಾಕಿ.